ಬಟ್ಟೆಗೂ ಕತ್ತಲು ಬೇಕು: ಇತಿಹಾಸದ ಮ್ಯೂಸಿಯಂ, ಒಬ್ಬ ಟೈಲರ್ ಕಣ್ಣಲ್ಲಿ

ಊರಿನ ಇತಿಹಾಸದ ಮ್ಯೂಸಿಯಂಗೆ ಹೋಗುವವರಿಗೆ ನನ್ನ ಸಲಹೆ ಇದು: ಕೆಳಗಿನ ಕಾಯಂ ಗ್ಯಾಲರಿಯಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ, ಸೀದಾ ಮಹಡಿ ಹತ್ತಿ. ಕೆಳಗಿರುವುದು ಕಲ್ಲು, ಕಂಚು, ನಾಣ್ಯ, ಮಡಕೆ. ಅವು ಎಲ್ಲಿಗೂ ಹೋಗುವುದಿಲ್ಲ, ಇನ್ನೊಂದು ದಿನ ನೋಡಬಹುದು. ಮಹಡಿಯ ಕೋಣೆ ಮಾತ್ರ ಕಾಲ ಬದಲಾದ ಹಾಗೆ ಪೂರ್ತಿ ಬದಲಾಗುತ್ತದೆ. ಅಲ್ಲಿಂದ ಒಮ್ಮೆ ಇಳಿಸಿದ ವಸ್ತು ಮತ್ತೆ ಯಾವಾಗ ಹೊರಗೆ ಬರುತ್ತದೆ ಎಂದು ಹೇಳಲಿಕ್ಕೆ ಆಗುವುದಿಲ್ಲ.

ನಾನು ಹೊಲಿಗೆ ಕೆಲಸದವಳು. ಬಟ್ಟೆ ಕೈಗೆ ಬಂದರೆ ಮೊದಲು ಒಳಮಗ್ಗುಲು ತಿರುಗಿಸಿ ನೋಡುವುದು ನಮ್ಮ ಕಸುಬಿನ ಅಭ್ಯಾಸ. ಹೊರಗಡೆಯಿಂದ ಎಲ್ಲವೂ ಚೆಂದವೇ. ಒಳಗೆ ನೋಡಿದರೆ ಹೊಲಿದವರ ಕೈ ಎಂಥದ್ದು, ಬಟ್ಟೆ ಎಷ್ಟಿತ್ತು, ಎಷ್ಟು ಉಳಿಸಿದರು ಎಲ್ಲ ಗೊತ್ತಾಗುತ್ತದೆ. ಹಾಗಾಗಿ ಇಲ್ಲಿ ಚಳಿಗಾಲದ ಉಡುಪಿನ ಪ್ರದರ್ಶನದ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಮಳೆಗಾಲದ್ದೂ ಚೆನ್ನಾಗಿತ್ತು. ಹಳೆಯ ಮಳೆಮಾಪಕ, ಛತ್ರಿಗಳು, ನೆರೆ ಬಂದ ವರ್ಷಗಳ ಫೋಟೋಗಳು. ಒಂದು ಚದರ ಮೀಟರ್ ಅಳತೆಯ ತಟ್ಟೆ ಇಟ್ಟು, ಮಕ್ಕಳ ಕೈಯಲ್ಲಿ 1 ಲೀಟರ್ ನೀರು ಸುರಿಸುತ್ತಿದ್ದರು. ನೀರು ಹರಡಿ ನಿಂತ ಎತ್ತರವೇ 1 ಮಿಲಿಮೀಟರ್ ಮಳೆ. ದಿನಾ ಸುದ್ದಿಯಲ್ಲಿ ಕೇಳುವ ಲೆಕ್ಕ ಅಷ್ಟು ಸುಲಭವಾಗಿ ಅರ್ಥವಾಯಿತು. ಬೇಸಿಗೆಯ ಆಟಿಕೆ ಪ್ರದರ್ಶನ ಮಕ್ಕಳಿಗೆ ಇಷ್ಟವಾಗುತ್ತದೆ. ದೊಡ್ಡವರು ಒಂದು ಸುತ್ತು ಹಾಕಿ ಬಂದರೆ ಸಾಕು.

ಈಗ ಉಡುಪಿನ ವಿಷಯಕ್ಕೆ ಬರುತ್ತೇನೆ. ಬಾಗಿಲು ದಾಟಿದ ತಕ್ಷಣ ಎಲ್ಲರೂ ಹೇಳುವುದು ಒಂದೇ ಮಾತು, "ಏನಿಷ್ಟು ಕತ್ತಲು?" ನನ್ನ ಮುಂದೆ ಹೋಗುತ್ತಿದ್ದವರಂತೂ ಸ್ವಿಚ್ ಹುಡುಕಿದರು. ಅಲ್ಲಿದ್ದ ಸ್ವಯಂಸೇವಕಿ, ಕಾಲೇಜು ಓದುವ ಹುಡುಗಿ, ನಿಧಾನವಾಗಿ ವಿವರಿಸಿದಳು. ಬಟ್ಟೆ ಮತ್ತು ಕಾಗದದ ಮೇಲೆ ಬೆಳಕು 50 ಲಕ್ಸ್ (ವಸ್ತುವಿನ ಮೇಲೆ ಎಷ್ಟು ಬೆಳಕು ಬೀಳುತ್ತದೆ ಎಂಬುದರ ಅಳತೆ) ದಾಟಬಾರದು ಎಂಬುದು ಮ್ಯೂಸಿಯಂಗಳು ಸಾಮಾನ್ಯವಾಗಿ ಪಾಲಿಸುವ ಮಿತಿ. ಓದುವ ಬರೆಯುವ ಕೋಣೆಯಲ್ಲಿ 300ರಿಂದ 500 ಲಕ್ಸ್ ಬೆಳಕಿರುತ್ತದೆ. ಬೆಳಕಿನ ಪೆಟ್ಟು ಪ್ರತಿದಿನ ಸ್ವಲ್ಪ ಸ್ವಲ್ಪವೇ ಕೂಡಿಕೊಳ್ಳುತ್ತಾ ಹೋಗುತ್ತದೆ. ಮಾಸಿದ ಬಣ್ಣ ಮತ್ತೆ ಬರುವುದಿಲ್ಲ, ಬಲ ಕಳೆದುಕೊಂಡ ನೂಲು ಮತ್ತೆ ಗಟ್ಟಿಯಾಗುವುದಿಲ್ಲ. ಅದಕ್ಕೇ ಕೆಲವು ತಿಂಗಳು ಹೊರಗಿಟ್ಟು, ಆಮೇಲೆ ವರ್ಷಗಟ್ಟಲೆ ಕತ್ತಲಲ್ಲಿ ಇಡುತ್ತಾರೆ.

ಪ್ರದರ್ಶನ ಕಾಲಕ್ಕೊಮ್ಮೆ ಬದಲಾಗುವುದು ಜನರನ್ನು ಮತ್ತೆ ಮತ್ತೆ ಕರೆಯುವುದಕ್ಕೆ ಅಂತ ಅನ್ನಿಸುವುದು ಸಹಜ. ಅದೂ ಒಂದು ಕಾರಣವೇ. ಆದರೆ ಬಟ್ಟೆ, ಕಾಗದ, ಫೋಟೋಗಳ ಮಟ್ಟಿಗೆ ಹೀಗೆ ಸರದಿಯಲ್ಲಿ ಇಡದಿದ್ದರೆ ಉಳಿಯುವುದೇ ಕಷ್ಟ. ಐದು ನಿಮಿಷ ಸುಮ್ನೆ ನಿಂತುಕೊಳ್ಳಿ, ಕಣ್ಣು ಹೊಂದಿಕೊಳ್ಳುತ್ತದೆ. ಆಮೇಲೆ ನೇಯ್ಗೆಯ ಎಳೆಯೂ ಕಾಣುತ್ತದೆ.

ಒಂದು ನೇರಳೆ ಬಣ್ಣದ ಕೋಟು ನನಗೆ ಬಹಳ ಹಿಡಿಸಿತು. ಮೈಯೆಲ್ಲ ಬೂದಿ ಬಣ್ಣಕ್ಕೆ ತಿರುಗಿದೆ. ಕಾಲರನ್ನು ಸ್ವಲ್ಪ ಎತ್ತಿ ಇಟ್ಟಿದ್ದಾರೆ, ಅದರ ಕೆಳಗೆ ನೇರಳೆ ಹಾಗೇ ಉಳಿದಿದೆ. ಹೀಗೆ ಇಡಬೇಕು ಅಂತ ಯೋಚಿಸಿದವರಿಗೆ ನನ್ನ ನಮಸ್ಕಾರ. ಪಕ್ಕದಲ್ಲೇ ಸಣ್ಣ ಟಿಪ್ಪಣಿ ಇತ್ತು. 1856ರಲ್ಲಿ ವಿಲಿಯಂ ಪರ್ಕಿನ್ ಎಂಬ 18 ವರ್ಷದ ಹುಡುಗ ಮಲೇರಿಯಾ ಔಷಧಿ ಕ್ವಿನೈನ್ ತಯಾರಿಸಲು ಹೊರಟ. ಸಿಕ್ಕಿದ್ದು ನೇರಳೆ ಬಣ್ಣ. ಗಿಡ, ಬೇರು, ಹುಳುಗಳಿಂದ ಬಣ್ಣ ತೆಗೆಯುತ್ತಿದ್ದ ಕಾಲ ಅಲ್ಲಿಂದ ಬದಲಾಯಿತು. ಆ ಮೊದಮೊದಲ ರಾಸಾಯನಿಕ ಬಣ್ಣಗಳಲ್ಲಿ ಎಷ್ಟೋ ಬಿಸಿಲಿಗೆ ಬೇಗ ಮಾಸುತ್ತಿದ್ದವು. ಬೋರ್ಡ್ ಓದಿ ಮತ್ತೆ ಆ ಕಾಲರ್ ನೋಡಿ, ವಿಷಯ ಕಣ್ಣಿಗೇ ಕಾಣುತ್ತದೆ.

ನಾನು ತುಂಬಾ ಹೊತ್ತು ನಿಂತಿದ್ದು ಒಂದು ಪುಟ್ಟ ಫ್ರಾಕಿನ ಮುಂದೆ. ಬೋರ್ಡಿನಲ್ಲಿ "ಹುಡುಗಿಯ ಫ್ರಾಕು, 1930ರ ದಶಕ" ಎಂದಷ್ಟೇ ಇತ್ತು. ಬೆನ್ನ ಕಡೆ ನೋಡಿದರೆ ನೈಲಾನ್ ಜಿಪ್! ನೈಲಾನ್ ಎಂಬ ವಸ್ತುವನ್ನು ಡ್ಯುಪಾಂಟ್ ಕಂಪನಿ ಜಗತ್ತಿಗೆ ತಿಳಿಸಿದ್ದೇ 1938ರಲ್ಲಿ. ಅದರ ಕಾಲುಚೀಲ ಅಮೆರಿಕದ ಎಲ್ಲೆಡೆಯ ಅಂಗಡಿಗಳಿಗೆ ಬಂದದ್ದು 1940ರಲ್ಲಿ. ನೈಲಾನ್ ಹಲ್ಲಿನ ಜಿಪ್ ಅದಕ್ಕಿಂತಲೂ ಆಮೇಲಿನದು. ಹಾಗಾದರೆ ಬೋರ್ಡ್ ತಪ್ಪಾ?

ತಪ್ಪಲ್ಲ. ಗಾಜಿಗೆ ಹತ್ತಿರ ಹೋಗಿ ನೋಡಿದೆ. ಜಿಪ್ಪಿನ ಪಕ್ಕದಲ್ಲೇ ಸಾಲಾಗಿ ಸಣ್ಣ ಸಣ್ಣ ಗಂಟಿನಂಥ ಗುರುತುಗಳಿದ್ದವು. ಅವು ಹಳೆಯ ಕಾಜಾಗಳು. ಯಾರೋ ಒಂದೊಂದನ್ನೂ ಕೈಯಿಂದಲೇ ಹೊಲಿದು ಮುಚ್ಚಿದ್ದಾರೆ. ಮೊದಲು ಅಲ್ಲಿ ಗುಂಡಿಗಳಿದ್ದವು. ಕೆಳಗಿನ ಅಂಚಿಗೆ ಬಂದರೆ ಅಡ್ಡಕ್ಕೆ ಎರಡು ಗೆರೆಗಳು. ಗೆರೆಯ ಮೇಲಿನ ಬಟ್ಟೆ ಮಾಸಿದೆ, ಕೆಳಗಿನ ಪಟ್ಟಿ ಗಾಢವಾಗಿದೆ. ಅಂದರೆ ಮಗು ಎತ್ತರವಾದ ಹಾಗೆ ಮಡಿಕೆ ಬಿಚ್ಚಿ ಫ್ರಾಕನ್ನು ಉದ್ದ ಮಾಡಿದ್ದಾರೆ, ಅದೂ ಎರಡು ಸಲ. ಪಕ್ಕದ ಹೊಲಿಗೆಯಲ್ಲಿ ಒಳಗೆ ಧಾರಾಳವಾಗಿ ಮಾರ್ಜಿನ್ ಬಿಟ್ಟಿದ್ದರು, ಅದನ್ನೂ ಬಿಚ್ಚಿದ್ದಾರೆ. ಮೊದಲ ಹುಡುಗಿಗೆ ಹೊಲಿದವರು ಮುಂದಿನ ವರ್ಷಗಳನ್ನು ಯೋಚಿಸಿಯೇ ಕತ್ತರಿ ಹಾಕಿದ್ದಾರೆ. ಜಿಪ್ ಹಾಕುವ ಹೊತ್ತಿಗೆ ಅದನ್ನು ಹಾಕಿಕೊಂಡವಳು ಇನ್ನೊಬ್ಬಳೇ ಇರಬೇಕು. ಬಹುಶಃ ಇನ್ನೊಂದು ತಲೆಮಾರಿನವಳು.

ಇದನ್ನೆಲ್ಲ ಅಲ್ಲಿನ ಸಿಬ್ಬಂದಿಗೆ ಹೇಳಿದೆ. ಆ ಯುವಕ ಬಹಳ ಆಸಕ್ತಿಯಿಂದ ಕೇಳಿದ. "ಮೇಡಂ, ಕಾಜಾ ಮುಚ್ಚಿದ್ದು ಅಂತ ಹೇಗೆ ಗೊತ್ತಾಯ್ತು?" ಎಂದು ಕೇಳಿ, ನಾನು ಹೇಳಿದ್ದನ್ನು ಆ ವಸ್ತುವಿನ ಫೈಲಿಗೆ ಬರೆದುಕೊಂಡ. ನನಗೆ ಖುಷಿಯಾಯಿತು. ಆದರೆ ಪ್ರದರ್ಶನ ಮುಗಿಯುವವರೆಗೂ ಬೋರ್ಡ್ ಹಾಗೇ ಇತ್ತು. ಈ ಮ್ಯೂಸಿಯಂ ಬಗ್ಗೆ ನನ್ನ ದೊಡ್ಡ ದೂರು ಇದೇ. ಜನರಿಂದ ಕೇಳಿ ತಿಳಿದದ್ದು ಫೈಲಿನೊಳಗೆ ಸೇರುತ್ತದೆ, ನೋಡಲು ಬರುವ ಮುಂದಿನ ಜನರಿಗೆ ತಲುಪುವುದಿಲ್ಲ. ಒಂದು ತುಂಡು ಕಾಗದದ ಮೇಲೆ ಎರಡು ಸಾಲು ಬರೆದು ಬೋರ್ಡಿನ ಪಕ್ಕ ಅಂಟಿಸಿದ್ದರೂ ಸಾಕಿತ್ತು. "ಈ ಫ್ರಾಕಿನಲ್ಲಿ ಮುಚ್ಚಿದ ಕಾಜಾಗಳನ್ನು ಹುಡುಕಿ" ಎಂದು ಬರೆದಿದ್ದರೆ ಮಕ್ಕಳು ಕೂಡ ಅಲ್ಲೇ ನಿಲ್ಲುತ್ತಿದ್ದರು.

ಪ್ರದರ್ಶನದ ಜೊತೆ ನಡೆದ ಕಾರ್ಯಕ್ರಮಗಳಲ್ಲಿ ನಾನು ಖಂಡಿತ ಹೋಗಿ ಅನ್ನುವುದು ಮನೆಯ ಹಳೆಯ ವಸ್ತು ತಂದು ತೋರಿಸುವ ದಿನಕ್ಕೆ. ಮೇಜುಗಳ ಮೇಲೆ ಬಿಳಿ ಬಟ್ಟೆ ಹಾಸಿರುತ್ತಾರೆ. ಒಬ್ಬರು ನೋಡುತ್ತಾರೆ, ಒಬ್ಬರು ಫೋಟೋ ತೆಗೆಯುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ವಸ್ತುವನ್ನು ಕೊಡಿ ಎಂದು ಯಾರೂ ಒತ್ತಾಯ ಮಾಡುವುದಿಲ್ಲ. ತೋರಿಸಿ, ಮಾತಾಡಿ, ವಾಪಸ್ ತೆಗೆದುಕೊಂಡು ಹೋಗಬಹುದು. ಇದು ತುಂಬಾ ಒಳ್ಳೆಯ ಪದ್ಧತಿ. ಹಾಗಿದ್ದರೆ ಮಾತ್ರ ಜನ ಪೆಟ್ಟಿಗೆ ತೆರೆಯುತ್ತಾರೆ ಅಲ್ವಾ?

ಒಬ್ಬ ಅಜ್ಜಿ ಕೌದಿ ತಂದಿದ್ದರು. ಸ್ವಯಂಸೇವಕಿ ಒಂದು ಕಾಗದದಲ್ಲಿ ಕೌದಿಯ ನಕ್ಷೆ ಬಿಡಿಸಿ, ಒಂದೊಂದು ತುಂಡಿಗೂ ನಂಬರು ಹಾಕಿದಳು. "ಅಜ್ಜಿ, ಈ ನೀಲಿ ತುಂಡು ಯಾವುದರದ್ದು?" ಎಂದು ಕೇಳಿದಳು. "ಅದು ನಮ್ಮೆಜಮಾನರ ಶರ್ಟು ಕಣವ್ವ. ಪಕ್ಕದ್ದು ನನ್ನ ಮಗಳ ಸ್ಕೂಲ್ ಯೂನಿಫಾರ್ಮು. ಇದು ಮಾತ್ರ ಯಾರದ್ದೋ ನೆನಪಿಲ್ಲ." ನೆನಪಿಲ್ಲ ಎಂದದ್ದನ್ನೂ ಹುಡುಗಿ ಹಾಗೇ ಬರೆದುಕೊಂಡಳು. ಕೌದಿ ನೂರು ವರ್ಷ ಉಳಿಯಬಹುದು. ಯಾವ ತುಂಡು ಯಾರ ಅಂಗಿಯದ್ದು ಎಂಬುದು ಆ ಕಾಗದ ಇಲ್ಲದಿದ್ದರೆ ಅಜ್ಜಿಯ ಜೊತೆಗೇ ಹೋಗುತ್ತಿತ್ತು. ನಾನು ಬರೀ ನೋಡುತ್ತಾ ನಿಂತಿದ್ದೆ, ಆದರೂ ಗಂಟಲು ಕಟ್ಟಿತು.

ಇನ್ನೊಬ್ಬರು ಗೋಣಿಚೀಲದಲ್ಲಿ ಹೊಲಿಗೆ ಯಂತ್ರದ ತಲೆ ಹೊತ್ತು ತಂದರು. ಸಿಂಗರ್ ಕಂಪನಿಯದ್ದು. ಐಸಾಕ್ ಸಿಂಗರ್ ಪೇಟೆಂಟ್ ಪಡೆದದ್ದು 1851ರಲ್ಲಿ. ನೂರೈವತ್ತು ವರ್ಷ ಹಳೆಯದು ಎಂದು ಇವರ ಮನೆಯಲ್ಲಿ ಹೇಳುತ್ತಿದ್ದರಂತೆ. ಈ ಯಂತ್ರಗಳ ಮೈಮೇಲೆ ಒಂದು ಸೀರಿಯಲ್ ನಂಬರ್ ಇರುತ್ತದೆ. ನಂಬರಿನ ಮುಂದೆ ಅಕ್ಷರ ಇದ್ದರೆ ಅದು ಸುಮಾರು 1900ರ ಈಚಿನದು. ಕಂಪನಿಯ ಪಟ್ಟಿ ನೋಡಿ ಯಾವ ವರ್ಷದ್ದು ಎಂದು ಹೇಳಬಹುದು. ಇವರದ್ದರಲ್ಲಿ ಅಕ್ಷರ ಇತ್ತು. ಅವರ ಮುಖ ಸ್ವಲ್ಪ ಸಪ್ಪಗಾಯಿತು. ಅಷ್ಟರಲ್ಲಿ ಸಿಬ್ಬಂದಿ, "ಯಾರು ಹೊಲಿಯುತ್ತಿದ್ದರು, ಮನೆಗೋ ದುಡಿಮೆಗೋ?" ಎಂದು ಕೇಳಿದರು. ತಾಯಿ ಅದರಲ್ಲೇ ದುಡಿದು ಮಕ್ಕಳನ್ನು ಓದಿಸಿದ್ದನ್ನು ಅವರು ಹೇಳತೊಡಗಿದರು. ಮಾತು ಬೇಗ ಮುಗಿಯಲಿಲ್ಲ, ಯಾರೂ ಅವಸರ ಮಾಡಲೂ ಇಲ್ಲ.

ಬಟ್ಟೆ ಕಾಪಾಡುವ ಬಗ್ಗೆಯೂ ಒಂದು ತರಗತಿ ಇತ್ತು. ನುಸಿ ಗುಳಿಗೆ ಹಾಕಿ ಪೆಟ್ಟಿಗೆ ಮುಚ್ಚುವವರೆಲ್ಲ ಇದನ್ನು ಕೇಳಬೇಕು. ಅದರ ಹೊಗೆ ನಮ್ಮ ಮೈಗೆ ಒಳ್ಳೆಯದಲ್ಲ, ಕೆಲವು ಬಗೆಯ ಪ್ಲಾಸ್ಟಿಕ್ ಗುಂಡಿಗಳೂ ಅದರಿಂದ ಮೆತ್ತಗಾಗುತ್ತವೆ. ಮ್ಯೂಸಿಯಂನವರು ಹುಳು ಬಿದ್ದ ಉಣ್ಣೆ ಬಟ್ಟೆಯನ್ನು ಪಾಲಿಥೀನ್‌ನಲ್ಲಿ ಗಾಳಿಯಾಡದಂತೆ ಸುತ್ತಿ ಫ್ರೀಜರಿನಲ್ಲಿ ಇಡುತ್ತಾರೆ. ಮೈನಸ್ 30 ಡಿಗ್ರಿಯಾದರೆ 3 ದಿನ, ಮೈನಸ್ 18 ಡಿಗ್ರಿಯಾದರೆ 2 ವಾರ. ಹೊರಗೆ ತೆಗೆದ ಕೂಡಲೇ ಬಿಚ್ಚಬಾರದು. ಕೋಣೆಯ ಬಿಸಿಗೆ ಬರುವವರೆಗೆ ಕಾಯಬೇಕು, ಇಲ್ಲದಿದ್ದರೆ ಬಟ್ಟೆಯ ಮೇಲೆ ನೀರು ಹನಿಗಟ್ಟುತ್ತದೆ. ಮಡಚಿದ ಗೆರೆಯಲ್ಲೇ ಬಟ್ಟೆ ಮೊದಲು ಸೀಳುವುದರಿಂದ, ದೊಡ್ಡ ಬಟ್ಟೆಯನ್ನು ಕೊಳವೆಗೆ ಸುತ್ತಿ ಇಡುವುದನ್ನೂ ತೋರಿಸಿದರು. ಇವತ್ತು ನನ್ನಲ್ಲಿ ಹಳೆಯ ಬಟ್ಟೆ ರಿಪೇರಿಗೆ ತರುವವರಿಗೆ ನಾನೂ ಇದನ್ನೇ ಹೇಳುತ್ತೇನೆ.

ಮೇ 18ರಂದು ಅಂತರರಾಷ್ಟ್ರೀಯ ಮ್ಯೂಸಿಯಂ ದಿನ. ಇದು 1977ರಿಂದ ನಡೆದುಬಂದಿದೆ. ಆ ದಿನದ ಉಪನ್ಯಾಸದಲ್ಲಿ ವಾಷಿಂಗ್ಟನ್ನಿನ ಅನಕೋಸ್ಟಿಯಾ ಎಂಬ ಬಡಾವಣೆಯ ಮ್ಯೂಸಿಯಂ ಬಗ್ಗೆ ಹೇಳಿದರು. 1967ರಲ್ಲಿ ಶುರುವಾದ ಅದರ ಮೊದಲ ನಿರ್ದೇಶಕ ಜಾನ್ ಕಿನಾರ್ಡ್. ಅಲ್ಲಿನ ಜನರಿಗೆ ದಿನನಿತ್ಯದ ಕಾಟ ಇಲಿಗಳದ್ದು. 1969ರಲ್ಲಿ ಮ್ಯೂಸಿಯಂ ಇಲಿಗಳ ಮೇಲೆಯೇ ಪ್ರದರ್ಶನ ಮಾಡಿತು, ಜೀವಂತ ಇಲಿಗಳನ್ನೂ ಇಟ್ಟಿತು. ಕೇಳಿ ನನಗೆ ರೋಮಾಂಚನವಾಯಿತು. ನಮ್ಮ ಮ್ಯೂಸಿಯಂ ಕೂಡ ಮುಂದಿನ ವಿಷಯ ಯಾವುದಿರಲಿ ಎಂದು ಜನರನ್ನೇ ಕೇಳಬೇಕು. ಈಗ ಪ್ರತಿ ಸಲವೂ ವಿಷಯವನ್ನು ಒಳಗಿನವರೇ ತೀರ್ಮಾನಿಸಿ, ಆಮೇಲೆ ನಮ್ಮನ್ನು ಕರೆಯುತ್ತಾರೆ.

ಇನ್ನೂ ಕೆಲವು ಕೊರತೆಗಳಿವೆ. ಕತ್ತಲ ಕೋಣೆಗೆ ಬೋರ್ಡಿನ ಅಕ್ಷರ ತೀರಾ ಸಣ್ಣದು, ಅದೂ ಸೊಂಟದ ಎತ್ತರದಲ್ಲಿ. ಕನ್ನಡಕದವರು ಬಗ್ಗಿ ಬಗ್ಗಿ ಓದಬೇಕು. ಬೆಳಕು ಹೆಚ್ಚಿಸಲು ಆಗದಿದ್ದರೆ ಅಕ್ಷರವನ್ನಾದರೂ ದೊಡ್ಡದು ಮಾಡಬಹುದು. ಮಹಡಿಗೆ ಲಿಫ್ಟ್ ಇಲ್ಲ. ಮೊಣಕಾಲು ನೋವಿನ ಎಷ್ಟೋ ಜನ ಕೆಳಗಿನಿಂದಲೇ ವಾಪಸ್ ಹೋಗುತ್ತಾರೆ, ಅವರ ಹತ್ತಿರವೇ ಅತಿ ಹೆಚ್ಚು ನೆನಪುಗಳಿರುವುದು. ಕಾರ್ಯಕ್ರಮಗಳನ್ನು ವಾರದ ನಡುವೆ ಬೆಳಗ್ಗೆ ಇಟ್ಟರೆ ದುಡಿಯುವವರು ಬರುವುದು ಹೇಗೆ? ರೆಕಾರ್ಡ್ ಮಾಡಿಕೊಂಡ ಮಾತುಗಳನ್ನು ಕೇಳಲು ಎಲ್ಲೂ ಅನುಕೂಲವಿಲ್ಲ. ಒಂದು ಹೆಡ್‌ಫೋನ್, ಒಂದು ಕುರ್ಚಿ ಇಟ್ಟರೆ ಆಯಿತು. ಪ್ರದರ್ಶನ ಮುಗಿದ ಮೇಲೆ ಒಂದು ಸಣ್ಣ ಪುಸ್ತಿಕೆಯೂ ಉಳಿಯಲಿಲ್ಲ.

ಇಷ್ಟಾದರೂ ಐದಕ್ಕೆ ನಾಲ್ಕು ಕೊಡುತ್ತೇನೆ. ಅಲ್ಲಿನ ಸಿಬ್ಬಂದಿ ಕೇಳಿಸಿಕೊಳ್ಳುತ್ತಾರೆ, ಅದು ಬಹಳ ದೊಡ್ಡದು.

ವಸ್ತು ತೋರಿಸುವ ದಿನಕ್ಕೆ ಹಳೆಯ ಬಟ್ಟೆ ತೆಗೆದುಕೊಂಡು ಹೋಗುವವರು ದಯವಿಟ್ಟು ಒಗೆಯಬೇಡಿ, ಇಸ್ತ್ರಿ ಹಾಕಬೇಡಿ. ಜೋತುಬಿದ್ದ ದಾರ ಕತ್ತರಿಸಬೇಡಿ, ತೇಪೆ ಬಿಚ್ಚಬೇಡಿ. ಕಲೆ ಇದ್ದರೆ ಇರಲಿ. ಪ್ಲಾಸ್ಟಿಕ್ ಚೀಲ ಬೇಡ, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ. ಯಾರು ಹೊಲಿದರು, ಯಾರು ತೊಟ್ಟರು ಎಂಬುದು ಗೊತ್ತಿದ್ದಷ್ಟು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ತೇವ ತಾಗಿದರೆ ಬಟ್ಟೆಗೆ ಇಳಿಯುತ್ತದೆ.