ಶಿವಮೊಗ್ಗದಲ್ಲಿ ಜೋಳದ ರೊಟ್ಟಿ, ಪಕ್ಕದಲ್ಲೇ ಮೊಮೊ ಗಾಡಿ

ಶಿವಮೊಗ್ಗದ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಒಂದು ಅಡ್ಡರಸ್ತೆಯಲ್ಲಿ ‘ಉತ್ತರ ಕರ್ನಾಟಕ ಜೋಳದ ರೊಟ್ಟಿ ಊಟ’ ಎಂದಷ್ಟೇ ಬರೆದ ಫಲಕವುಳ್ಳ ಸಣ್ಣ ಖಾನಾವಳಿಯೊಂದಿದೆ. ಬಾಗಲಕೋಟೆ ಕಡೆಯಿಂದ ಬಂದ ಕುಟುಂಬವೊಂದು ಅದನ್ನು ನಡೆಸುತ್ತಿದೆ. ಹೊರಗಿನಿಂದ ಬಂದವರ ಊಟದ ಮನೆಯ ಬಗ್ಗೆ ತೀರ್ಪು ಕೊಡುವ ಮೊದಲು ನಾನು ನೋಡುವುದು ಒಂದೇ ಸಂಗತಿಯನ್ನು: ಆ ಸೀಮೆಯವರೇ ಅಲ್ಲಿ ಕೂತು ಉಣ್ಣುತ್ತಾರೆಯೇ, ಅಥವಾ ನಮ್ಮ ಬಾಯಿಗೆ ಒಗ್ಗಲೆಂದು ಅಡುಗೆ ತನ್ನ ಖಾರವನ್ನೂ ಹುಳಿಯನ್ನೂ ಆಗಲೇ ಬಿಟ್ಟುಕೊಟ್ಟಿದೆಯೇ? ಈ ಖಾನಾವಳಿಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಬೆಂಚುಗಳ ಮೇಲೆ ಕೂತಿರುವವರು ಗಾರೆ ಕೆಲಸದವರು, ಲಾರಿ ಚಾಲಕರು, ಉತ್ತರದ ಜಿಲ್ಲೆಗಳಿಂದ ಓದಲು ಬಂದ ಹುಡುಗರು. ಅವರು ತಟ್ಟೆ ಮುಟ್ಟುವ ಮೊದಲೇ ಚಟ್ನಿಪುಡಿಯ ಡಬ್ಬಿಗೆ ಕೈ ಹಾಕುವುದನ್ನು ಕಂಡಾಗ ನನ್ನ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಿತು.

ಈ ಊರಿಗೆ ಜೋಳ ತೀರ ಪರಕೀಯವೇನೂ ಅಲ್ಲ. ಪಶ್ಚಿಮಕ್ಕೆ ತೀರ್ಥಹಳ್ಳಿ, ಹೊಸನಗರ, ಸಾಗರಗಳ ಮಳೆ ಮತ್ತು ಅಡಿಕೆ. ಉತ್ತರಕ್ಕೆ ಶಿಕಾರಿಪುರ ದಾಟಿದರೆ ಹಾವೇರಿಯ ಬಯಲು. 1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಳ್ಳುವವರೆಗೆ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದವು. ಮಲೆನಾಡಿನ ಹೆಬ್ಬಾಗಿಲು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಈ ಊರಿಗೆ ಬಯಲಿನ ಜನ ಸಂತೆಗೆ, ಆಸ್ಪತ್ರೆಗೆ, ಕೂಲಿಗೆ, ಓದಿಗೆ ಸದಾ ಬರುತ್ತಲೇ ಇದ್ದಾರೆ. ಹಾಗಿದ್ದರೂ ಅನ್ನವೇ ಊಟವೆಂದು ನಂಬಿದ ನಮ್ಮ ಹೋಟೆಲುಗಳು ಜೋಳದ ರೊಟ್ಟಿಯನ್ನು ವಿಶೇಷ ದಿನದ ತಿನಿಸಿನಂತೆ ಕಂಡವೇ ಹೊರತು ದಿನನಿತ್ಯದ ಊಟವಾಗಿ ಮಾಡಲಿಲ್ಲ. ಆ ಕೊರತೆಯನ್ನು ಇಂಥ ಖಾನಾವಳಿಗಳು ತುಂಬುತ್ತಿವೆ.

ಇಲ್ಲಿ ರೊಟ್ಟಿ ಬಡಿಯುವ ಜಾಗ ಊಟದ ಕೋಣೆಗೆ ತೆರೆದೇ ಇದೆ. ಜೋಳದಲ್ಲಿ ಗೋಧಿಗಿರುವ ಅಂಟಿನ ಗುಣವಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಹಿಟ್ಟು ತಟ್ಟುವಾಗಲೇ ಬಿರಿಯುತ್ತದೆ. ಆದ್ದರಿಂದ ಅಜ್ಜಿಯೊಬ್ಬರು ಹಿಟ್ಟಿನ ನಡುವೆ ಗುಳಿ ಮಾಡಿ, ಕುದಿಯುವ ನೀರು ಹೊಯ್ದು, ಮೊದಲು ಸೌಟಿನಿಂದ ತಿರುವಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾರೆ. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಅರೆಬೆಂದು ಜಿಗುಟು ಬರುವುದರಿಂದಲೇ ಉಂಡೆ ಅಂಚೊಡೆಯದೆ ಅಗಲವಾಗುತ್ತದೆ. ಹೆಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲ್ಮೈಯನ್ನು ಒಮ್ಮೆ ಸವರುತ್ತಾರೆ. ಒಣಹಿಟ್ಟೆಲ್ಲ ಹೋಗಿ, ಮಗುಚಿ ಕೆಂಡಕ್ಕೆ ಒರಗಿಸಿದಾಗ ರೊಟ್ಟಿ ಪೂರಿಯ ಹಾಗೆ ಉಬ್ಬುತ್ತದೆ. ನಮ್ಮ ಮನೆಗಳ ಉಬ್ಬುರೊಟ್ಟಿಯ ಕ್ರಮವೂ ಇದೇ ಅಲ್ಲವೇ? ಅಕ್ಕಿಗೂ ಅಂಟಿನ ಗುಣವಿಲ್ಲ, ಅದಕ್ಕೂ ಕುದಿನೀರೇ ಬೇಕು, ಕೊನೆಗೆ ಅದಕ್ಕೂ ಕೆಂಡವೇ ಗತಿ. ಹಿಟ್ಟು ಹಳತಾದರೆ ಜಿಗುಟು ಕಡಿಮೆಯಾಗಿ ರೊಟ್ಟಿ ಒಡೆಯುತ್ತದೆಯೆಂದು, ಊರಿನಿಂದ ಬಿಳಿಜೋಳ ತರಿಸಿ ಇಲ್ಲಿಯ ಗಿರಣಿಯಲ್ಲಿ ಸ್ವಲ್ಪ ಸ್ವಲ್ಪವೇ ಬೀಸಿಸಿಕೊಳ್ಳುವುದಾಗಿ ಯಜಮಾನರು ಹೇಳಿದರು. ಆ ಎಚ್ಚರ ರೊಟ್ಟಿಯಲ್ಲಿ ಗೊತ್ತಾಗುತ್ತದೆ: ಅಂಚು ತೆಳ್ಳಗೆ, ನಡುವೆ ಮೃದು, ಮುರಿದಾಗ ಹಬೆಯೊಂದಿಗೆ ಬರುವ ಸಿಹಿ ವಾಸನೆಯಲ್ಲಿ ಕಹಿಯ ಸುಳಿವೇ ಇಲ್ಲ.

ರೊಟ್ಟಿಯ ಜೊತೆಗೆ ಬರುವ ಬದನೆಕಾಯಿ ಎಣಗಾಯಿಯನ್ನು ನಾನು ಈ ಊಟದ ಮುಖ್ಯ ಅಂಶವೆಂದು ಎಣಿಸುತ್ತೇನೆ. ತೊಟ್ಟು ಬಿಡದಂತೆ ನಾಲ್ಕು ಸೀಳು ಮಾಡಿದ ಸಣ್ಣ ಬದನೆಕಾಯಿಗೆ ಹುರಿದ ಶೇಂಗಾ, ಎಳ್ಳು, ಒಣಕೊಬ್ಬರಿ, ಹುಣಸೆ, ಬೆಲ್ಲಗಳ ಮಸಾಲೆ ತುಂಬಿ, ಎಣ್ಣೆ ಮೇಲೆ ತೇಲುವವರೆಗೆ ಬೇಯಿಸಿರುತ್ತಾರೆ. ಕಾಯಿ ಬೆಂದಿರುತ್ತದೆ, ಆದರೆ ಕರಗಿರುವುದಿಲ್ಲ. ಮಡಿಕೆಕಾಳಿನ ಪಲ್ಯ ಚೆನ್ನಾಗಿದೆ. ಪುಂಡಿಪಲ್ಯ ಇರುವ ದಿನ ಅದನ್ನು ಬಿಡಬಾರದು, ಅದರ ಹುಳಿ ನಮ್ಮ ಕಡೆಯ ಯಾವ ಸೊಪ್ಪಿನಲ್ಲೂ ಇಲ್ಲ. ಗುರೆಳ್ಳು ಚಟ್ನಿಪುಡಿ, ಶೇಂಗಾ ಚಟ್ನಿಪುಡಿ, ಹಸಿ ಮೆಂತ್ಯಸೊಪ್ಪು, ಉಳ್ಳಾಗಡ್ಡಿ, ಗಟ್ಟಿ ಮೊಸರು ಎಲ್ಲವೂ ಕೇಳದೆಯೇ ಬರುತ್ತವೆ. ಕೆಂಪು ಮೆಣಸಿನಕಾಯಿಯ ರಂಜಕವನ್ನು ನಾನು ಧೈರ್ಯವಾಗಿ ಬಡಿಸಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಾಗ ಬಡಿಸುತ್ತಿದ್ದ ಅಮ್ಮ, “ಖಾರ ಆತೇನ್ರೀ? ನೀರ ಕುಡಿಬ್ಯಾಡ್ರಿ, ಮಸರ ಹಚ್ಕೊಂಡ ಉಣ್ರಿ” ಎಂದು ಮೊಸರಿನ ಪಾತ್ರೆಯನ್ನೇ ಪಕ್ಕದಲ್ಲಿ ತಂದಿಟ್ಟರು. ಖಾರ ಕಡಿಮೆ ಮಾಡುತ್ತೇವೆಂದು ಅವರು ಹೇಳಲಿಲ್ಲ, ಉಣ್ಣುವ ಬಗೆಯನ್ನು ಕಲಿಸಿದರು. ಈ ಖಾನಾವಳಿಯನ್ನು ನಾನು ಮೆಚ್ಚಲು ಇದಕ್ಕಿಂತ ದೊಡ್ಡ ಕಾರಣವಿಲ್ಲ.

ಕೊರತೆಗಳನ್ನೂ ಹೇಳಬೇಕು. ಕೋಣೆ ಇಕ್ಕಟ್ಟಾಗಿದೆ, ಹೊಗೆ ಹೋಗಲು ಸರಿಯಾದ ದಾರಿಯಿಲ್ಲ, ಮಳೆಗಾಲದಲ್ಲಿ ಬಾಗಿಲು ಮುಚ್ಚಿದರೆ ಕಣ್ಣು ಉರಿಯುತ್ತದೆ. ಎರಡೂವರೆಯ ನಂತರ ಬಿಸಿ ರೊಟ್ಟಿ ಮುಗಿದು ಕಡಕ್ ರೊಟ್ಟಿಯಷ್ಟೇ ಉಳಿಯುತ್ತದೆ. ಊಟದ ಕೊನೆಯಲ್ಲಿ ಬರುವ ಅನ್ನಸಾರು ಮಾತ್ರ ಸಪ್ಪೆ. ಸ್ಥಳೀಯರ ಒತ್ತಾಯಕ್ಕೆ ಸೇರಿಸಿದ್ದೆಂದು ಅದರ ರುಚಿಯೇ ಹೇಳುತ್ತದೆ. ಅನ್ನ ಬೇಡವೆಂದು ಹೇಳಿ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುವುದೇ ಒಳ್ಳೆಯದು. ನೂರು ರೂಪಾಯಿಯೊಳಗೆ ಹೊಟ್ಟೆ ತುಂಬುವ ಈ ಊಟಕ್ಕೆ ಇವು ದೊಡ್ಡ ತಕರಾರುಗಳಲ್ಲ.

ಖಾನಾವಳಿಯ ಪಕ್ಕದಲ್ಲೇ ಸಂಜೆ ನಿಲ್ಲುವ ನೇಪಾಳಿ ತರುಣರ ಮೊಮೊ ಗಾಡಿಯ ವಿಷಯ ಸ್ವಲ್ಪ ಬೇರೆ. ಹಬೆಯ ಡಬ್ಬಿಯ ಮುಚ್ಚಳ ತೆರೆದು ಕೊಡುವ ಮೊಮೊದ ಹೊದಿಕೆ ತೆಳ್ಳಗಿದೆ, ಕೋಸಿನ ಹೂರಣದಲ್ಲಿ ಶುಂಠಿ ಹದವಾಗಿದೆ, ಮಡಿಕೆಗಳನ್ನು ಒಂದೊಂದಾಗಿ ಕೈಯಲ್ಲೇ ಒತ್ತಿರುವುದು ಕಾಣುತ್ತದೆ. ಆದರೆ ಎಲ್ಲರಿಗೂ ಕೊಡುವ ಕೆಂಪು ಚಟ್ನಿ ಗೋಬಿ ಮಂಚೂರಿಯ ರುಚಿಯತ್ತ ವಾಲಿದೆ. ಕೃತಕ ಬಣ್ಣ ಹಾಕಿದ ಗೋಬಿಯನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ ಮೇಲೂ ಬೀದಿಬದಿಯ ತಿನಿಸು ಕೆಂಪಗೇ ಇರಬೇಕೆಂಬ ಗಿರಾಕಿಗಳ ನಿರೀಕ್ಷೆ ಪೂರ್ತಿ ಹೋಗಿಲ್ಲ. ಇವರ ಚಟ್ನಿಯ ಕೆಂಪು ಮೆಣಸಿನಕಾಯಿಯದ್ದೇ, ಆದರೂ ಸಿಹಿ ಜಾಸ್ತಿ. ನಿಮ್ಮ ಮನೆಯಲ್ಲಿ ಮೊಮೊಗೆ ಏನು ನೆಂಚಿಕೊಳ್ಳುತ್ತೀರಿ ಎಂದು ಕೇಳಿದಾಗ ಒಬ್ಬ ಹುಡುಗ ಗಾಡಿಯ ಕೆಳಗಿನಿಂದ ಸಣ್ಣ ಡಬ್ಬಿಯೊಂದನ್ನು ತೆಗೆದ. ಸುಟ್ಟ ಟೊಮೆಟೊ, ಹುರಿದ ಎಳ್ಳು ಮತ್ತು ಅವರು ತಿಮ್ಮೂರ್ ಎನ್ನುವ ಕಾಳಿನ ಪುಡಿ ಸೇರಿಸಿ ಅರೆದ ಅಚಾರು ಅದು. ನಾಲಗೆಯ ತುದಿ ಜುಮ್ಮೆಂದಿತು. ಮಲೆನಾಡಿನವರಿಗೆ ಈ ಅನುಭವ ಹೊಸದಲ್ಲ: ನಮ್ಮ ಜುಮ್ಮನಕಾಯಿ, ಕೊಂಕಣಿಗರ ತೆಪ್ಪಳ, ಹಿಮಾಲಯದ ತಿಮ್ಮೂರ್ ಎಲ್ಲವೂ ಒಂದೇ ಸಸ್ಯಕುಲಕ್ಕೆ ಸೇರಿದವು. ಮೀನುಸಾರಿಗೆ ಜುಮ್ಮನಕಾಯಿ ಹಾಕುವ ಊರಿನಲ್ಲಿ, ಇಲ್ಲಿಯವರಿಗೆ ಹಿಡಿಸಲಾರದೆಂದು ಆ ಹುಡುಗರು ತಮ್ಮ ಅಚಾರನ್ನು ಬಚ್ಚಿಟ್ಟಿದ್ದಾರೆ! ದಯವಿಟ್ಟು ಕೇಳಿ ಹಾಕಿಸಿಕೊಳ್ಳಿ. ಕೇಳುವವರು ಹೆಚ್ಚಾದರೆ ಆ ಡಬ್ಬಿ ಮೇಲೆ ಬರುತ್ತದೆ.

ರುಚಿಯನ್ನು ಬಿಟ್ಟುಕೊಡದ ವಲಸಿಗರ ಅಡುಗೆ ಬೇರೂರುವ ಬಗೆಯನ್ನು ನೋಡಬೇಕಿದ್ದರೆ ಭದ್ರಾವತಿಗೆ ಹೋಗಬೇಕು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾದ ಮೇಲೆ, ಮುಂದೆ ಕಾಗದದ ಕಾರ್ಖಾನೆಯೂ ಬಂದು, ದುಡಿಮೆಗಾಗಿ ಬಂದ ತಮಿಳು ಕುಟುಂಬಗಳು ಅಲ್ಲೇ ನೆಲೆಸಿದವು. ಕಾಗದದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳೇ ಕಳೆದರೂ ಕಲ್ಲಿನ ಮೇಲೆ ಪರೋಟ ಬಡಿಯುವ ರಾತ್ರಿಯಂಗಡಿಗಳು ನಿಂತಿಲ್ಲ. ಸೋಂಪು, ತೆಂಗಿನಕಾಯಿ ಅರೆದ ತೆಳು ಸಾಲ್ನಾವನ್ನು ಅಲ್ಲಿ ಹೊರಗಿನ ತಿನಿಸೆಂದು ಈಗ ಯಾರೂ ಎಣಿಸುವುದಿಲ್ಲ. ಆಗುಂಬೆ, ಹುಲಿಕಲ್ ಘಾಟಿ ಹತ್ತಿ ಬಂದ ಕರಾವಳಿಯವರ ಇಡ್ಲಿ ಸಾಂಬಾರು, ಗೋಳಿಬಜೆಗಳೂ ಹೀಗೆಯೇ ನಮ್ಮ ಬೆಳಗಿನ ತಿಂಡಿಯಾದವು.

ಖಾನಾವಳಿಗೆ ಹೋಗುವವರು ಹನ್ನೆರಡೂವರೆಯಿಂದ ಒಂದೂವರೆಯೊಳಗೆ ಹೋದರೆ ಹೆಂಚಿನಿಂದ ನೇರವಾಗಿ ತಟ್ಟೆಗೆ ಬೀಳುವ ರೊಟ್ಟಿ ಸಿಗುತ್ತದೆ. ಸಂಕ್ರಾಂತಿಯ ಹಿಂದಿನ ದಿನ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡುತ್ತಾರೆ, ಅದನ್ನು ಮುಂಚಿತವಾಗಿ ಹೇಳಿಡಬೇಕು. ಬನದ ಹುಣ್ಣಿಮೆಯ ಹೊತ್ತಿಗೆ ಮಾತ್ರ ಮನೆಮಂದಿಯೆಲ್ಲ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗುವುದರಿಂದ ಖಾನಾವಳಿ ಕೆಲವು ದಿನ ಮುಚ್ಚಿರುತ್ತದೆ. ಆ ದಿನಗಳಲ್ಲಿ ದೂರದಿಂದ ಬರುವವರು ವಿಚಾರಿಸಿಕೊಂಡು ಹೊರಡುವುದು ಒಳಿತು.