ಎರಡು ದಿನ, 1,770 ರೂಪಾಯಿ, ಒಂದು ಮೋರಿ

ಫೀಸು 1,500 ರೂಪಾಯಿ. ಜಿಎಸ್‌ಟಿ ಸೇರಿ 1,770. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪೋಸ್ಟರಿನಲ್ಲಿ ಜಿಎಸ್‌ಟಿ ಸುದ್ದಿಯೇ ಇರಲಿಲ್ಲ. ದುಡ್ಡು ಕಟ್ಟುವಾಗ ಗೊತ್ತಾಯಿತು.

ಮೇ ತಿಂಗಳ ಒಂದು ಶನಿವಾರ, ಭಾನುವಾರ ಮಂಗಳೂರಿನ ಕೊಡಿಯಾಲ್‌ಬೈಲ್ ಹತ್ತಿರದ ಹೋಟೆಲೊಂದರ ಹಾಲ್‌ನಲ್ಲಿ ನಡೆದ ಕಾರ್ಯಾಗಾರ ಇದು. ದೇಶದ ರಸ್ತೆ, ರೈಲು, ನೀರು, ಕರೆಂಟಿನ ಮುಂದಿನ ಮೂವತ್ತು ವರ್ಷದ ಯೋಜನೆಯಲ್ಲಿ ಯುವ ವೃತ್ತಿಪರರ ಪಾಲು ಏನು ಅನ್ನುವುದು ವಿಷಯ. ನಡೆಸಿದವರ ಹೆಸರು ಹಾಕುವುದಿಲ್ಲ. ಸ್ವಲ್ಪ ಬೈದಿದ್ದೇನೆ, ಹೊಗಳಿದ್ದೂ ಉಂಟು. ಮುಂದಿನ ಬ್ಯಾಚಿನ ಪೋಸ್ಟರ್ ಆಗಲೇ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ನೋಡಿದವರಿಗೆ ಗೊತ್ತಾಗುತ್ತದೆ.

ನಾನು ಸಿವಿಲ್ ಇಂಜಿನಿಯರ್. ವಯಸ್ಸು 29, ಊರು ಕಟಪಾಡಿ. ಮಂಗಳೂರಿನ ಒಂದು ಸಣ್ಣ ಕನ್ಸಲ್ಟೆನ್ಸಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಚರಂಡಿ, ಮೋರಿ, ತಡೆಗೋಡೆ, ಇಷ್ಟೇ ನಮ್ಮ ಪ್ರಪಂಚ. ರಾಷ್ಟ್ರೀಯ ಯೋಜನೆ ಅಂದರೆ ದೆಹಲಿಯಲ್ಲಿ ಯಾರೋ ಕೂತು ಮಾಡುವುದು ಅಂತಲೇ ಅಂದುಕೊಂಡಿದ್ದವಳು. ನಮಗೆ ಶನಿವಾರ ರಜೆ ಇಲ್ಲ. ಬಾಸ್ ಹತ್ತಿರ ಕೇಳಿದೆ. "ಮೂವತ್ತು ವರ್ಷದ ಪ್ಲಾನಾ? ಮೊದಲು ಬುಧವಾರದ ಎಸ್ಟಿಮೇಟ್ ಮುಗಿಸಿ ಮಾರಾಯ್ರೆ" ಅಂದರು. ಮುಗಿಸಿಯೇ ಹೋದೆ.

ಒಂಬತ್ತೂವರೆಗೆ ಅಂದದ್ದು ಶುರುವಾದದ್ದು ಹತ್ತೂ ಇಪ್ಪತ್ತಕ್ಕೆ. ಎಸಿ ಗಾಳಿಗೆ ದೀಪ ನಿಲ್ಲಲಿಲ್ಲ ಅಂತ ಎಸಿ ಆಫ್ ಮಾಡಿದರು. ಆಮೇಲೆ ಆನ್ ಮಾಡಲು ಮರೆತರು. ಮಂಗಳೂರಿನ ಮೇ ತಿಂಗಳು ಗೊತ್ತಲ್ಲ. ಮುಂದಿನ ಎರಡು ಸಾಲು ಗಣ್ಯರಿಗೆ, ಹಿಂದಿನದ್ದು ಯುವಕರಿಗೆ. ಯುವಕರು ಅಂತ ಕರೆಸಿದ್ದು ನಮ್ಮನ್ನೇ ಅಲ್ವಾ ಅಂತ ಪಕ್ಕದವಳು ಪಿಸುಗುಟ್ಟಿದಳು.

ಮೊದಲ ಉಪನ್ಯಾಸ ಸ್ಲೈಡುಗಳ ಮೆರವಣಿಗೆ. 2019ರ ಡಿಸೆಂಬರ್ 31ರಂದು ಕೇಂದ್ರ ಸರಕಾರ ನ್ಯಾಷನಲ್ ಇನ್‌ಫ್ರಾಸ್ಟ್ರಕ್ಚರ್ ಪೈಪ್‌ಲೈನ್, ಅಂದರೆ ದೇಶದಲ್ಲಿ ಆಗಬೇಕಾದ ದೊಡ್ಡ ಕಾಮಗಾರಿಗಳ ಪಟ್ಟಿ, ಘೋಷಿಸಿದ್ದು, 102 ಲಕ್ಷ ಕೋಟಿಯ ಪಟ್ಟಿ ಆಮೇಲೆ 111 ಲಕ್ಷ ಕೋಟಿ ಆದದ್ದು, 2021ರ ಅಕ್ಟೋಬರ್ 13ರಂದು ಪಿಎಂ ಗತಿಶಕ್ತಿ ಶುರುವಾದದ್ದು. ಲಕ್ಷ ಕೋಟಿ ಅಂದಾಗಲೆಲ್ಲ ನನಗೆ ಆಕಳಿಕೆ ಬರುತ್ತದೆ, ನನ್ನ ದೋಷವೇ ಇರಬಹುದು. ಆದರೆ ಗತಿಶಕ್ತಿಯ ಮೂಲ ಯೋಚನೆ ಸರಿಯಾಗಿಯೇ ಉಂಟು. ರಸ್ತೆ, ರೈಲು, ಬಂದರು, ಗ್ಯಾಸ್ ಪೈಪು ಎಲ್ಲ ಇಲಾಖೆಗಳದ್ದನ್ನೂ ಒಂದೇ ನಕ್ಷೆಯ ಮೇಲೆ ಪದರ ಪದರವಾಗಿ ಇಡುವುದು. ಡಾಂಬರು ಹಾಕಿದ ಮರುವಾರವೇ ಪೈಪಿಗೆ ಅಗೆಯುವುದನ್ನು ನೋಡುತ್ತಾ ಬೆಳೆದವರಿಗೆ ಅದರ ಬೆಲೆ ಬೇರೆಯವರು ಹೇಳಬೇಕಾಗಿಲ್ಲ.

ಎರಡನೆಯವರು ಬ್ರಿಟನ್ ಕಥೆ ಹೇಳಿದರು. ಅಲ್ಲಿ 2015ರಲ್ಲಿ ನ್ಯಾಷನಲ್ ಇನ್‌ಫ್ರಾಸ್ಟ್ರಕ್ಚರ್ ಕಮಿಷನ್ ಹುಟ್ಟಿತು. ದೇಶಕ್ಕೆ ಮುಂದಿನ ಮೂವತ್ತು ವರ್ಷಕ್ಕೆ ಏನೇನು ಬೇಕು ಅಂತ ಐದು ವರ್ಷಕ್ಕೊಮ್ಮೆ ಲೆಕ್ಕ ಹಾಕಿ ಸರಕಾರಕ್ಕೆ ಹೇಳುವುದು ಅದರ ಕೆಲಸ. ಮೊದಲ ವರದಿ 2018ರಲ್ಲಿ ಬಂತು, ಎರಡನೆಯದು 2023ರಲ್ಲಿ. ಅದೇ ಕಮಿಷನ್ ಯುವ ವೃತ್ತಿಪರರ ಒಂದು ಪ್ಯಾನೆಲ್ ಕೂಡ ಮಾಡಿಕೊಂಡಿತು. ಈಗ ನಿರ್ಧಾರ ಮಾಡುವವರು ರಿಟೈರ್ ಆಗುತ್ತಾರೆ, ಆ ರಸ್ತೆ, ಆ ಪೈಪು ಬಳಸುವವರು ಇವರು, ಹಾಗಾಗಿ ಇವರನ್ನೂ ಕೇಳೋಣ ಅಂತ. ಕೇಳಲು ಚಂದ ಇತ್ತು. ಊಟದ ಹೊತ್ತಿಗೆ ಮೊಬೈಲ್‌ನಲ್ಲಿ ಹುಡುಕಿದೆ. 2025ರ ಏಪ್ರಿಲ್‌ನಲ್ಲಿ ಆ ಕಮಿಷನ್ನನ್ನೇ ಮುಚ್ಚಿ ಬೇರೊಂದು ಹೊಸ ಸಂಸ್ಥೆಯೊಳಗೆ ಸೇರಿಸಿದ್ದಾರೆ. ಮೂವತ್ತು ವರ್ಷ ಮುಂದೆ ನೋಡಬೇಕಾದದ್ದಕ್ಕೆ ಹತ್ತು ವರ್ಷ ತುಂಬಲಿಲ್ಲ. ಇದನ್ನು ಅವರು ಹೇಳಬಹುದಿತ್ತು. ಹೇಳಿದ್ದರೆ ಮಾತಿಗೆ ಇನ್ನೂ ತೂಕ ಬರುತ್ತಿತ್ತು.

ಪುತ್ತೂರಿನ ಒಬ್ಬ ಹುಡುಗ ಎದ್ದು ಕೇಳಿದ: "ಸರ್, ನಮ್ಮ ಮಂಗಳೂರಿನ ರೈಲು ಮೂರು ಕಡೆಗೆ ಹಂಚಿ ಹೋಗಿದೆ. ಸೆಂಟ್ರಲ್, ಜಂಕ್ಷನ್ ಪಾಲಕ್ಕಾಡ್ ವಿಭಾಗಕ್ಕೆ, ಸುಬ್ರಹ್ಮಣ್ಯದ ಕಡೆಯದ್ದು ಮೈಸೂರು ವಿಭಾಗಕ್ಕೆ, ತೋಕೂರು ದಾಟಿದರೆ ಕೊಂಕಣ ರೈಲ್ವೆ. ಮೂವತ್ತು ವರ್ಷದ ಪ್ಲಾನ್ ಮಾಡಿದರೆ ಯಾರಿಗೆ ಕೊಡುವುದು?" ಹಾಲ್‌ನಲ್ಲಿ ಚಪ್ಪಾಳೆ. "ವೆರಿ ಗುಡ್ ಕ್ವೆಶ್ಚನ್" ಅಂದರು, ಮುಂದಿನ ಸ್ಲೈಡಿಗೆ ಹೋದರು.

ಊಟ ಮಾತ್ರ ಚೆನ್ನಾಗಿತ್ತು. ನೀರುದೋಸೆ ಬಿಸಿ ಬಿಸಿ ಬರುತ್ತಿತ್ತು. ಕಾಟು ಮಾವಿನಹಣ್ಣಿನ ಗೊಜ್ಜು ಇತ್ತು, ಹೋಟೆಲಿನವರು ಮಾಡಿದ್ದೋ ಯಾರ ಮನೆಯದ್ದೋ ಅನ್ನುವಷ್ಟು ರುಚಿ. ಸಂಜೆಯ ಗೋಳಿಬಜೆ ತಣ್ಣಗಾಗಿತ್ತು, ಅದನ್ನು ಮರೆತುಬಿಡಿ.

ಮಧ್ಯಾಹ್ನದ ಮೇಲಿನದ್ದು ಅಂಟುಚೀಟಿ ಕಾರ್ಯಕ್ರಮ. ಹಳದಿ, ಗುಲಾಬಿ ಚೀಟಿ ಕೊಟ್ಟು, 2047ರ ಭಾರತ ಹೇಗಿರಬೇಕು ಅಂತ ಬರೆದು ಗೋಡೆಗೆ ಅಂಟಿಸಲು ಹೇಳಿದರು. ಬುಲೆಟ್ ಟ್ರೈನ್, ಹಸಿರು ಇಂಧನ, ಪ್ಲಾಸ್ಟಿಕ್ ಇಲ್ಲದ ಕಡಲು. ಯಾರೋ ಒಬ್ಬರು "ಪಂಪ್‌ವೆಲ್" ಅಂತ ಒಂದೇ ಪದ ಬರೆದು ಅಂಟಿಸಿದ್ದರು. ಇಡೀ ಹಾಲ್ ನಕ್ಕಿತು. ಘಟ್ಟದ ಮೇಲಿನವರಿಗೆ ಹೇಳಬೇಕಾದರೆ, ಅದು ನಮ್ಮೂರಿನ ಫ್ಲೈಓವರ್. ಕಟ್ಟುತ್ತಾ ಕಟ್ಟುತ್ತಾ ವರ್ಷಗಳೇ ಕಳೆದು ಕೊನೆಗೂ 2020ರ ಜನವರಿ 31ರಂದು ತೆರೆಯಿತು. ಅಷ್ಟರಲ್ಲಿ ಅದರ ಹೆಸರಿನಲ್ಲಿ ಜೋಕು ಮಾಡದವರು ಜಿಲ್ಲೆಯಲ್ಲಿ ಉಳಿದಿರಲಿಲ್ಲ. ಭಾನುವಾರ ಬೆಳಿಗ್ಗೆ ಬಂದು ನೋಡಿದರೆ ಗೋಡೆ ಖಾಲಿ. ಚೀಟಿ ಎಲ್ಲಿ ಅಂತ ಕೇಳಿದ್ದಕ್ಕೆ, "ಫೋಟೋ ತೆಗೆದಿದ್ದೇವೆ ಮೇಡಂ" ಅಂದರು.

ನಿಜ ಹೇಳಬೇಕೆಂದರೆ ಭಾನುವಾರ ಹೋಗುವ ಮನಸ್ಸಿರಲಿಲ್ಲ. "ದುಡ್ಡು ಕಟ್ಟಿ ಆಗಿದೆಯಲ್ಲ, ಹೋಗು. ಊಟವಾದರೂ ಸಿಗ್ತದೆ" ಅಂದಳು ಅಮ್ಮ. ಪುಣ್ಯಕ್ಕೆ ಹೋದೆ. ಆ 1,770 ರೂಪಾಯಿ ವಸೂಲಾದದ್ದೇ ಭಾನುವಾರ.

ಅವತ್ತು ಬಂದವರು ಒಬ್ಬ ನಿವೃತ್ತ ಇಂಜಿನಿಯರ್. ಬಟ್ಟೆ ಚೀಲ, ಅದರೊಳಗೆ ಸುರುಳಿ ಸುತ್ತಿದ ಕಾಗದ. ಪ್ರೊಜೆಕ್ಟರ್ ಬೇಡ ಅಂದರು. "1990ರಲ್ಲಿ ಕೊಂಕಣ ರೈಲ್ವೆ ಕಾರ್ಪೊರೇಷನ್ ಶುರುವಾಯ್ತು. ನಾನು ಸೇರುವಾಗ ನನಗೆ 24. ನಮ್ಮನ್ನು ಯಾರೂ ಯುವ ವೃತ್ತಿಪರರು ಅಂತ ಕರೀಲಿಲ್ಲ. ಸೀದಾ ಸೈಟಿಗೆ ಕಳಿಸಿದ್ರು. ತಪ್ಪು ಮಾಡಿದ್ರೆ ಬೈತಿದ್ರು. 1993ರ ಮಾರ್ಚಿನಲ್ಲಿ ಮಂಗಳೂರು ಉಡುಪಿ ಮಧ್ಯೆ ರೈಲು ಓಡಿತು, 1998ರ ಜನವರಿ 26ಕ್ಕೆ ಪೂರ್ತಿ ಲೈನು." ಅಷ್ಟು ಹೇಳಿ ಎಲ್ಲ ಗುಂಪಿಗೂ ಒಂದೊಂದು ಕಾಗದ ಹಂಚಿದರು. ಭಾಷಣ ಮುಗಿಯಿತು.

ಕಾಗದದಲ್ಲಿ ಇದ್ದದ್ದು ಒಂದು ಮೋರಿ. ಊರ ಹೊರಗಿನ ರಸ್ತೆ, ಅದರ ಕೆಳಗೆ ಹಾದು ಹೋಗುವ ಒಂದು ತೋಡು. ಆ ತೋಡಿಗೆ 60 ಹೆಕ್ಟೇರ್ ಜಾಗದ ಮಳೆನೀರು ಬರುತ್ತದೆ. ಮಳೆ ಗಂಟೆಗೆ 100 ಮಿ.ಮೀ. ಅಂತ ಹಿಡಿಯಿರಿ. ಕೈಯಲ್ಲಿ ಇರುವ ದುಡ್ಡು 60 ಲಕ್ಷ. ಅದರಲ್ಲೇ ಮೋರಿ, ಇಂಟರ್‌ಲಾಕ್ ಹಾಕಿದ ಫುಟ್‌ಪಾತ್, ದಾರಿದೀಪ ಮೂರೂ ಆಗಬೇಕು. ಮೋರಿ ಮೂವತ್ತು ವರ್ಷ ಸಾಕಾಗಬೇಕು.

ಲೆಕ್ಕ ಸಿವಿಲ್ ಓದಿದ ಎಲ್ಲರಿಗೂ ಗೊತ್ತಿರುವಂಥದ್ದೇ. ಕ್ಯೂ = ಸಿ × ಐ × ಎ ÷ 360. ಕ್ಯೂ ಅಂದರೆ ಸೆಕೆಂಡಿಗೆ ಹರಿದು ಬರುವ ನೀರು. ಐ ಅಂದರೆ ಮಳೆಯ ಜೋರು, ಎ ಅಂದರೆ ಜಾಗ. ಐ, ಎ ಎರಡನ್ನೂ ಅವರೇ ಕೊಟ್ಟಿದ್ದರು. ಕೊಡದೆ ಬಿಟ್ಟದ್ದು 'ಸಿ' ಮಾತ್ರ. ಬಿದ್ದ ಮಳೆಯಲ್ಲಿ ಎಷ್ಟು ಪಾಲು ಇಂಗದೆ ಹರಿದು ಬರುತ್ತದೆ ಅನ್ನುವ ಅಂಕಿ ಅದು. ಗದ್ದೆ, ತೆಂಗಿನ ತೋಟ, ಹುಲ್ಲು ಇದ್ದರೆ ಕಡಿಮೆ. ಕಾಂಕ್ರೀಟ್, ತಗಡು, ಇಂಟರ್‌ಲಾಕ್ ಅಂಗಳ ಆದರೆ ಜಾಸ್ತಿ. ಈಗಿನ ತೋಟ, ಗುಡ್ಡ ನೋಡಿ ಸಿ 0.45 ಹಿಡಿದರೆ ಸೆಕೆಂಡಿಗೆ 7.5 ಘನಮೀಟರ್ ನೀರು. ನೀರಿನ ವೇಗ ಸೆಕೆಂಡಿಗೆ ಎರಡೂವರೆ ಮೀಟರ್ ಅಂತ ಹಿಡಿದರೆ ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಬಾಕ್ಸ್ ಮೋರಿ ಸಾಕು. ಆ 60 ಹೆಕ್ಟೇರ್ ಪೂರ್ತಿ ಸೈಟು, ಮನೆ, ಫ್ಲ್ಯಾಟ್ ಆಗುತ್ತದೆ ಅಂತ 0.75 ಹಿಡಿದರೆ 12.5 ಘನಮೀಟರ್. ಆಗ ಎರಡೂವರೆ ಮೀಟರ್ ಅಗಲ, ಎರಡು ಮೀಟರ್ ಎತ್ತರ ಬೇಕು. ಮಳೆ ಅದೇ, ಜಾಗ ಅದೇ. ಇಪ್ಪತ್ತೆಂಟು ಲಕ್ಷದ ಮೋರಿ ನಲವತ್ತೊಂದು ಲಕ್ಷ ಆಗುತ್ತದೆ, ಮೂರಕ್ಕೂ ದುಡ್ಡು ಸಾಲುವುದಿಲ್ಲ.

2018ರ ಮೇ 29 ನೆನಪಾಯಿತು. ಮಂಗಳೂರು ಮುಳುಗಿದ ದಿನ. ಆಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಕೊಟ್ಟಾರ ಚೌಕಿಯಲ್ಲಿ ಮೊಣಕಾಲಿನ ಮೇಲೆ ನೀರು, ಸ್ಕೂಟರ್ ತಳ್ಳುತ್ತಾ ನಿಂತಿದ್ದೆ. ಮಳೆಗೆ ಬೈದವರೇ ಎಲ್ಲ. ಸಿ ಬಗ್ಗೆ ಯಾರೂ ಮಾತಾಡಲಿಲ್ಲ, ಪರೀಕ್ಷೆಗೆ ಅದನ್ನೇ ಓದುತ್ತಿದ್ದ ನಾನೂ ಸಹ.

ನಮ್ಮ ಗುಂಪಿನಲ್ಲಿ ಆರು ಜನ. ಒಬ್ಬ ಆರ್ಕಿಟೆಕ್ಟ್, ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ ಮಾಡುವ ಒಬ್ಬ ಹುಡುಗಿ, ಪಂಚಾಯತ್ ಒಂದರಲ್ಲಿ ನೀರು ಬಿಡುವ 23ರ ಹುಡುಗ, ನನ್ನ ಹಾಗೆ ಮೂವರು ಇಂಜಿನಿಯರ್. ಪಂಚಾಯತಿನವರಿಗೆ ಮೂರು ಸೀಟು ಉಚಿತ ಕೊಟ್ಟಿದ್ದರು. ಆಯೋಜಕರು ಮಾಡಿದ ಅತಿ ಒಳ್ಳೆಯ ಕೆಲಸ ಅದೇ, ಅವರಿಗೇ ಅದು ಗೊತ್ತಿದ್ದ ಹಾಗೆ ಕಾಣಲಿಲ್ಲ.

ಆರ್ಕಿಟೆಕ್ಟ್ ಅಂದ, ಈಗ ಸಣ್ಣ ಮೋರಿ ಕಟ್ಟೋಣ, ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಬಿಟ್ಟಿಡೋಣ, ಬೇಕಾದಾಗ ಕಟ್ಟಬಹುದು. ಪುಸ್ತಕದ ಪ್ರಕಾರ ಒಳ್ಳೆಯ ಉತ್ತರ. ಪಂಚಾಯತ್ ಹುಡುಗ ನಕ್ಕ. "ಜಾಗ ಬಿಟ್ರೆ ಮರುವರ್ಷ ಅಲ್ಲಿ ಗೂಡಂಗಡಿ ಬರ್ತದೆ. ಆಮೇಲೆ ಏಳಿಸ್ಲಿಕ್ಕೆ ನೀವು ಬರ್ತೀರಾ?" ದೊಡ್ಡ ಮೋರಿಯೇ ಕಟ್ಟೋಣ, ದಾರಿದೀಪ ಬಿಡೋಣ ಅಂದೆ ನಾನು. ರಾತ್ರಿ ಪಾಳಿಯ ಹುಡುಗಿ ನನ್ನ ಮುಖ ನೋಡಿದಳು. "ಮೂವತ್ತು ವರ್ಷದ ನಂತರದ್ದು ಆಯ್ತು. ನಾಡಿದ್ದು ರಾತ್ರಿ ಎರಡು ಗಂಟೆಗೆ ನಾನು ಆ ರಸ್ತೆಯಲ್ಲಿ ಹೇಗೆ ಬರುವುದು ಮಾರಾಯ್ತಿ?"

ಉತ್ತರ ಇರಲಿಲ್ಲ. ಅರ್ಧ ಗಂಟೆ ಜಗಳ ಆಯಿತು, ಸರಿಯಾದ ಜಗಳ. ಕೊನೆಗೆ ಇಂಟರ್‌ಲಾಕ್ ಕೈಬಿಟ್ಟೆವು. ಫುಟ್‌ಪಾತ್ ಜಾಗ ಮಣ್ಣು, ಜಲ್ಲಿಯಾಗಿಯೇ ಇರಲಿ, ಸ್ವಲ್ಪ ನೀರನ್ನಾದರೂ ಕುಡಿಯುತ್ತದೆ. ಮಳೆಗಾಲದಲ್ಲಿ ಕೆಸರು ತುಳಿಯುವವರು ನಮಗೆ ಶಾಪ ಹಾಕುತ್ತಾರೆ, ಅದೂ ಗೊತ್ತಿತ್ತು.

ಮುಗಿಯಿತು ಅನ್ನುವಾಗ ಪಂಚಾಯತ್ ಹುಡುಗ ಕಾಗದದ ಮೇಲೆ ಬೆರಳಿಟ್ಟ. "ಮೇಡಂ, ಇಂಥ ಕಡೆ ನೀರಿನ ಪೈಪ್ ಮೋರಿಯ ಬಾಯಿಗೆ ಅಡ್ಡವೇ ಹೋಗ್ತದೆ. ಆರು ಇಂಚಿಂದು. ಪ್ಲಾಸ್ಟಿಕ್, ತೆಂಗಿನ ಮಡಲು ಎಲ್ಲ ಅದಕ್ಕೇ ಸಿಕ್ಕಿಕೊಳ್ಳುವುದು. ನೀವು ಎಷ್ಟು ದೊಡ್ಡ ಮೋರಿ ಕಟ್ಟಿದ್ರೂ ಅಷ್ಟೇ. ಈ ನಕ್ಷೆಯಲ್ಲಿ ಪೈಪೇ ಇಲ್ಲ." ಐದು ವರ್ಷದಿಂದ ಮೋರಿ ಡಿಸೈನ್ ಮಾಡುತ್ತಿದ್ದೇನೆ. ಪೈಪ್ ಎಲ್ಲಿ ಹೋಗುತ್ತದೆ ಅಂತ ನೀರು ಬಿಡುವವರನ್ನು ಒಮ್ಮೆಯೂ ಕೇಳಿರಲಿಲ್ಲ.

ಆ ಸರ್ ಐದು ಗುಂಪಿನ ಸಿ ಅಂಕಿಗಳನ್ನೂ ಬೋರ್ಡಿನ ಮೇಲೆ ಬರೆದರು. 0.45ರಿಂದ 0.8ರವರೆಗೆ ಇತ್ತು. ಪ್ರತಿಯೊಂದರ ಎದುರು ಆ ಗುಂಪಿನಲ್ಲಿ ಅತಿ ಚಿಕ್ಕವರ ವಯಸ್ಸಿಗೆ ಮೂವತ್ತು ಕೂಡಿಸಿ ಬರೆದರು. ನಮ್ಮದಕ್ಕೆ 53. ಯಾವುದು ಸರಿ ಅಂತ ಹೇಳಲಿಲ್ಲ. ಚಾ ಕುಡಿಯಲು ಹೋದರು.

ಮತ್ತೆ ಸಮಾರೋಪ, ಶಾಲು, ಹಾರ, ಗ್ರೂಪ್ ಫೋಟೋ. ನಮ್ಮ ಸಲಹೆಗಳ ವರದಿಯನ್ನು ಸಂಬಂಧಪಟ್ಟವರಿಗೆ ತಲುಪಿಸುತ್ತೇವೆ ಅಂದರು. ಸಂಬಂಧಪಟ್ಟವರು ಅಂದರೆ ಯಾರು ಅಂತ ಕೇಳಿದೆ. "ಎಲ್ಲರಿಗೂ" ಅಂದರು. ಇಲ್ಲೇ ನನಗೆ ಬೇಜಾರಾದದ್ದು. ದೆಹಲಿಗೆ ಮುಟ್ಟಿಸುವುದೇನೂ ಬೇಡ. ಮಂಗಳೂರು ಪಾಲಿಕೆಯಲ್ಲಿ 60 ವಾರ್ಡ್ ಉಂಟು. ಒಂದು ವಾರ್ಡಿನ ಸಮಿತಿಗಾದರೂ ಆ ಮೋರಿ ಲೆಕ್ಕ ಕೊಟ್ಟು, ಅವರು ಏನೆಂದರು ಅಂತ ನಮಗೆ ತಿಳಿಸಿದ್ದರೆ ಸಾಕಿತ್ತು. ಈಗ ಮಳೆ ಹಿಡಿದಿದೆ, ವರದಿ ಇನ್ನೂ ಬಂದಿಲ್ಲ. ಸರ್ಟಿಫಿಕೇಟ್ ಮಾತ್ರ ಮರುದಿನವೇ ಬಂತು.

ಸೋಮವಾರ ಆಫೀಸಿನಲ್ಲಿ ನಮ್ಮ ಎಕ್ಸೆಲ್ ಶೀಟ್ ತೆರೆದೆ. ಸಿ ಇರುವ ಜಾಗದಲ್ಲಿ 0.5 ಅಂತ ಇತ್ತು. ಯಾರೋ ಯಾವಾಗಲೋ ಹಾಕಿಟ್ಟದ್ದು, ನಾನು ಬಂದಾಗಿನಿಂದ ಮುಟ್ಟಿರಲಿಲ್ಲ. 0.75 ಮಾಡಿದೆ. ಸಂಜೆ ಬಾಸ್ ಬಂದರು. "ಸೈಜ್ ಯಾಕೆ ದೊಡ್ಡದಾಯ್ತು? ಕ್ಲೈಂಟ್ ಕೇಳಿದ್ದಾರಾ?" ಇಲ್ಲ ಅಂದೆ. ಎರಡೂ ಲೆಕ್ಕ ಮಾಡಿ ಎರಡನ್ನೂ ಕಳಿಸಿ ಅಂದರು. ಕಳಿಸಿದ್ದೇನೆ, ಉತ್ತರ ಬಂದಿಲ್ಲ.

ಐದಕ್ಕೆ ಮೂರು ಕೊಡುತ್ತೇನೆ. ಭಾನುವಾರಕ್ಕೆ ಮಾತ್ರ ಅಂದರೆ ನಾಲ್ಕೂವರೆ. ಇಂಜಿನಿಯರ್ ಅಲ್ಲದವರೂ ಖಂಡಿತ ಹೋಗಿ, ಜಗಳಕ್ಕೆ ಅವರೇ ಬೇಕು. ಶನಿವಾರ ಊಟದ ಹೊತ್ತಿಗೆ ಹೋದರೂ ನಡೆಯುತ್ತದೆ. ಸ್ಕೂಟರ್ ತರಬೇಡಿ, ನಿಲ್ಲಿಸಲು ಜಾಗ ಇಲ್ಲ. ಮೊಬೈಲ್ ಮನೆಯಲ್ಲೇ ಪೂರ್ತಿ ಚಾರ್ಜ್ ಮಾಡಿಕೊಳ್ಳಿ. ಇಡೀ ಹಾಲ್‌ಗೆ ಇದ್ದದ್ದು ಎರಡೇ ಪ್ಲಗ್ ಪಾಯಿಂಟ್, ಅದರಲ್ಲಿ ಒಂದಕ್ಕೆ ಕರೆಂಟ್ ಬರುತ್ತಿರಲಿಲ್ಲ.