ಹೋಂಸ್ಟೇಗೆ ಹಾಕಿಸಿದ ಎಐ ಚಾಟ್ ಸೇವೆ: 5ಕ್ಕೆ 3 ಸ್ಟಾರ್, ಅದೂ ಸರಿಮಾಡಿಸಿದ ಮೇಲೆ

ಕೊಡಗಿನ ಕಕ್ಕಬ್ಬೆ ಕಡೆ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಕಾಫಿ ಕೊಯ್ಲಿನ ಸಮಯದಲ್ಲಿ ಫೋನ್ ಎತ್ತೋಕೆ ಯಾರಿಗೂ ಪುರುಸೊತ್ತಿರುವುದಿಲ್ಲ, ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಅದಕ್ಕೇ ವಾಟ್ಸಾಪ್‌ನಲ್ಲಿ ಗೆಸ್ಟ್‌ಗಳಿಗೆ ತಾನೇ ಉತ್ತರ ಕೊಡುವ ಎಐ ಸಹಾಯಕವನ್ನು ತಿಂಗಳ ಬಾಡಿಗೆಗೆ ತೆಗೆದುಕೊಂಡೆವು. ಕಂಪನಿ ಹೆಸರು ಬೇಡ. ಇಂಥವು ಈಗ ಬೇಕಾದಷ್ಟಿವೆ, ಒಳಗಿನ ಕೆಲಸ ಹೆಚ್ಚುಕಮ್ಮಿ ಒಂದೇ ಥರ. ಸುತ್ತಮುತ್ತಲಿನ ಹೋಂಸ್ಟೇಯವರು ತಗೋಬಹುದಾ ಅಂತ ಕೇಳುತ್ತಿದ್ದಾರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಳ್ಳೆಯದು ಇದೆ. ಮಧ್ಯರಾತ್ರಿ ಕೇಳಿದರೂ ಉತ್ತರ ಬರುತ್ತದೆ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ. ರೂಮಿನ ರೇಟು, ಚೆಕ್-ಇನ್ ಸಮಯ, ಪಂದಿ ಕರಿ ತಿನ್ನದವರಿಗೆ ಕಡಂಬುಟ್ಟಿನ ಜೊತೆ ಏನು ಕೊಡ್ತೀರಿ, ಇಂಥದ್ದನ್ನೆಲ್ಲ ಸಲೀಸಾಗಿ ಹೇಳುತ್ತದೆ.

ತೊಂದರೆ ಏನಂದರೆ, ತಪ್ಪನ್ನೂ ಅದೇ ಧೈರ್ಯದಲ್ಲಿ ಹೇಳುತ್ತದೆ. ಜುಲೈನಲ್ಲಿ ಒಂದು ಕುಟುಂಬ ಹೊರಡುವ ಹಿಂದಿನ ರಾತ್ರಿ ‘ನಮ್ಮದು ಚಿಕ್ಕ ಕಾರು, ಮನೆ ತನಕ ಬರುತ್ತಾ?’ ಅಂತ ಕೇಳಿದೆ. ‘ಹೌದು, ನಿಮ್ಮ ಕಾರು ಅಂಗಳದವರೆಗೂ ಬರುತ್ತದೆ’ ಅಂತ ಉತ್ತರ ಹೋಗಿದೆ. ಜನವರಿಯಲ್ಲಿ ಅದು ನಿಜ. ಮಳೆಗಾಲದಲ್ಲಿ ನಮ್ಮ ತೋಟದ ರಸ್ತೆ ಪೂರ್ತಿ ಕೆಸರು, ಕಾರನ್ನು ಮೇನ್ ರೋಡಿನಲ್ಲೇ ನಿಲ್ಲಿಸಬೇಕು, ನಾವು ಜೀಪ್ ಕಳಿಸುತ್ತೇವೆ. ಅವರು ನಂಬಿಕೊಂಡು ಒಳಗೆ ಬಂದುಬಿಟ್ಟರು. ಕತ್ತಲೆ, ಜೋರು ಮಳೆ, ಮುಂದಿನ ಎರಡು ಚಕ್ರ ಅರ್ಧಕ್ಕೆ ಹೂತಿವೆ, ಮಗು ಅಳುತ್ತಿದೆ, ತಳ್ಳೋಕೆ ಇಳಿದವರ ಕಾಲಿಗೆಲ್ಲ ಜಿಗಣೆ. ಜೀಪಿಗೆ ಹಗ್ಗ ಕಟ್ಟಿ ಎಳೆದೆವು. ಆ ಮನೆಯವರ ಮುಖ ನೋಡೋಕೆ ನನಗೆ ತುಂಬಾ ಸಂಕಟವಾಯಿತು.

ಮರುದಿನ ಕಂಪನಿಯ ಸಪೋರ್ಟ್‌ಗೆ ಫೋನ್ ಮಾಡಿದರೆ ‘ಎಐ ಅಂದಮೇಲೆ ಒಮ್ಮೊಮ್ಮೆ ಹಾಗಾಗುತ್ತೆ ಸರ್’ ಅಂದರು. ಈ ಮಾತಿಗೆ ಒಪ್ಪಬೇಡಿ. ಈ ಸೇವೆ ಪ್ರತಿ ಪ್ರಶ್ನೆಗೂ ಮೊದಲು ನಮ್ಮ ಮಾಹಿತಿಯಲ್ಲಿ ಹುಡುಕಿ ನಾಲ್ಕಾರು ತುಣುಕು ತೆಗೆಯುತ್ತದೆ, ಆಮೇಲೆ ಅದನ್ನು ನೋಡಿಕೊಂಡು ಉತ್ತರ ಬರೆಯುತ್ತದೆ. ಅಂದರೆ ಯಾವ ತುಣುಕು ತೆಗೆಯಿತು ಅಂತ ನೋಡಿದರೆ ತಪ್ಪಿನ ಜಾಡು ಸಿಗುತ್ತದೆ. ಆ ಲಾಗ್, ಅಂದರೆ ಯಾವ ಪ್ರಶ್ನೆಗೆ ಏನು ತೆಗೆಯಿತು ಅನ್ನುವ ದಾಖಲೆ, ಕೊಡಿ ಅಂತ ಹಠ ಹಿಡಿದೆ. ಕೊಟ್ಟರು. ಸೆಟಪ್ ಮಾಡುವಾಗ ಅವರ ಹುಡುಗರು ನಮ್ಮ ಹಳೇ ವೆಬ್‌ಸೈಟನ್ನು ಪೂರ್ತಿ ಎಳೆದುಕೊಂಡಿದ್ದರು, ಅದರಲ್ಲಿ ‘ಬಾಗಿಲವರೆಗೆ ಕಾರು’ ಅಂತ ಇತ್ತು. ಮಳೆಗಾಲದ ಸೂಚನೆ ಕೊಟ್ಟಿದ್ದು ಪೋಸ್ಟರ್ ಫೋಟೋ ರೂಪದಲ್ಲಿ. ಫೋಟೋದೊಳಗಿನ ಅಕ್ಷರವನ್ನು ಅದು ಓದಿಯೇ ಇರಲಿಲ್ಲ! ಹಳೇ ಪುಟ ತೆಗೆಸಿ, ಜೂನ್‌ನಿಂದ ಸೆಪ್ಟೆಂಬರ್ ಅಂತ ತಿಂಗಳ ಸಮೇತ ಟೈಪ್ ಮಾಡಿ ಹಾಕಿದ ಮೇಲೆ ಸರಿಹೋಯಿತು.

ತಡಿಯಂಡಮೋಳ್ ವಿಷಯ ಬೇರೆ. ‘ಟ್ರೆಕ್‌ಗೆ ಪರ್ಮಿಷನ್ ಬೇಕಾ’ ಅಂದರೆ ಬೇಡ ಅಂದಿದೆ. 1,748 ಮೀಟರ್ ಎತ್ತರದ ಬೆಟ್ಟ ಅದು, ಕೊಡಗಿನಲ್ಲೇ ದೊಡ್ಡದು, ಅರಣ್ಯ ಇಲಾಖೆ ಅನುಮತಿ ಇಲ್ಲದೆ ಹತ್ತುವ ಹಾಗಿಲ್ಲ. ನಮ್ಮ ಮಾಹಿತಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ, ಖಾಲಿ ಜಾಗವನ್ನು ಅದೇ ತುಂಬಿಕೊಂಡಿದೆ. ಇದಕ್ಕೆ ಮದ್ದು ಒಂದೇ: ಕೊಟ್ಟ ಮಾಹಿತಿಯಲ್ಲಿ ಇಲ್ಲದಿದ್ದರೆ ‘ಗೊತ್ತಿಲ್ಲ, ಮನೆಯವರು ತಿಳಿಸುತ್ತಾರೆ’ ಅಂತ ಹೇಳಿ ನಮಗೆ ದಾಟಿಸಬೇಕು ಅನ್ನುವ ಸೂಚನೆ. ಮಡಿಕೇರಿ ರೈಲ್ವೆ ಸ್ಟೇಷನ್‌ನಿಂದ ಪಿಕಪ್ ಕೇಳಿದವರಿಗೆ ‘ಇದೆ’ ಅಂದಿದ್ದೂ ಉಂಟು. ಬಸ್ ಸ್ಟ್ಯಾಂಡಿನ ಪಿಕಪ್ ಸಾಲನ್ನೇ ಸ್ಟೇಷನ್‌ಗೆ ಅಂಟಿಸಿತ್ತು. ಜಿಲ್ಲೆಯಲ್ಲಿ ರೈಲೇ ಇಲ್ಲ, ಮೈಸೂರಲ್ಲಿ ಇಳಿದು ಬಸ್ಸು ಹಿಡಿಯಬೇಕು ಅಂತ ಬಿಡಿಸಿ ಬರೆದು ಹಾಕಿದೆವು.

ಇನ್ನೊಂದು ಮಾತು. ಚಾಟ್‌ನಲ್ಲೇ ‘ನೀನು ಹೇಳಿದ್ದು ತಪ್ಪು’ ಅಂತ ತಿದ್ದಿ ಪ್ರಯೋಜನವಿಲ್ಲ. ಕ್ಷಮೆ ಕೇಳುತ್ತದೆ, ಮುಂದಿನ ಗೆಸ್ಟ್‌ಗೆ ಅದನ್ನೇ ಹೇಳುತ್ತದೆ. ಪರೀಕ್ಷೆ ಮಾಡುವಾಗ ಪ್ರತಿ ಸಲ ಹೊಸ ಚಾಟ್ ತೆಗೆಯಿರಿ, ಇಲ್ಲದಿದ್ದರೆ ಹಿಂದಿನ ಮಾತು ನೆನಪಿಟ್ಟುಕೊಂಡು ಸರಿಯಾದ ಹಾಗೆ ಕಾಣುತ್ತದೆ. ನಾವು ಗೆಸ್ಟ್‌ಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳ ಪಟ್ಟಿ ಇಟ್ಟಿದ್ದೇವೆ, ಏನೇ ಬದಲಾಯಿಸಿದರೂ ಎಲ್ಲವನ್ನೂ ಮತ್ತೆ ಕೇಳುತ್ತೇವೆ, ಯಾಕಂದರೆ ಒಂದು ಸರಿಮಾಡಿದರೆ ಇನ್ನೊಂದು ಕೆಡುವುದು ಜಾಸ್ತಿ.

ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂದರೆ, ಹೌದು, ಬೇಕು. ಕೆನಡಾದಲ್ಲಿ ಏರ್ ಕೆನಡಾದ ಚಾಟ್‌ಬಾಟ್ ಟಿಕೆಟ್ ರಿಯಾಯಿತಿ ಬಗ್ಗೆ ತಪ್ಪು ಹೇಳಿತ್ತು. ಅದರ ಮಾತಿಗೆ ನಾವು ಹೊಣೆಯಲ್ಲ ಅಂತ ಕಂಪನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಅಲ್ಲಿನ ನ್ಯಾಯಮಂಡಳಿ ಆ ವಾದ ತಳ್ಳಿಹಾಕಿ ಪ್ರಯಾಣಿಕರಿಗೆ ಪರಿಹಾರ ಕೊಡಿಸಿತು. ನಮ್ಮ ಹೋಂಸ್ಟೇ ಹೆಸರಿನಲ್ಲಿ ಹೋದ ಉತ್ತರ ನಮ್ಮ ಮಾತೇ ಅಲ್ವಾ?

ಎರಡು ಸ್ಟಾರ್ ಕಡಿಮೆ ಕೊಟ್ಟಿದ್ದು ಯಾಕೆ ಅಂದರೆ, ಒಂದು, ಲಾಗ್ ಕೇಳಿದ ಮೇಲೆ ಕೊಟ್ಟಿದ್ದಕ್ಕೆ. ಮೊದಲ ದಿನವೇ ಮಾಲೀಕರಿಗೆ ಕಾಣಬೇಕಿತ್ತು. ಇನ್ನೊಂದು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರಿಗೆ ಈಗಲೂ ಅಡ್ಡಾದಿಡ್ಡಿ ಉತ್ತರ ಬರುತ್ತದೆ, ನಮ್ಮ ಗೆಸ್ಟ್‌ಗಳಲ್ಲಿ ಹಾಗೆ ಬರೆಯುವವರೇ ಜಾಸ್ತಿ. ತಗೊಳ್ಳುವವರು ಮೊದಲು ಡೆಮೋದಲ್ಲಿ ಹಾಗೇ ಟೈಪ್ ಮಾಡಿ ನೋಡಿ, ಲಾಗ್ ತೋರಿಸಿ ಅನ್ನಿ. ತೋರಿಸದಿದ್ದರೆ ದುಡ್ಡು ಕಟ್ಟಬೇಡಿ. ನಾವು ವರ್ಷದ ಪ್ಲಾನ್‌ಗೆ ಇನ್ನೂ ಒಪ್ಪಿಲ್ಲ.